ಪಹಣಿ ತಾತನದು, ಉಳುಮೆ ಚಿಕ್ಕಪ್ಪನದು

ನಾನೂರು ಜಿಬಿ ಡೇಟಾಬೇಸಿನ ಸ್ನ್ಯಾಪ್‌ಶಾಟ್‌ನಿಂದ ಕ್ಲೋನ್ ಮಾಡೋಕೆ ಝಡ್‌ಎಫ್‌ಎಸ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಯಾಕಂದ್ರೆ ಅದು ನಕಲು ಮಾಡೋದೇ ಇಲ್ಲ. ಹಳೇ ಬ್ಲಾಕುಗಳನ್ನೇ ಎರಡೂ ಹಂಚಿಕೊಳ್ತವೆ. ಯಾರಾದರೂ ಏನಾದರೂ ಬರೆದರೆ ಆ ತುಂಡಿಗೆ ಮಾತ್ರ ಹೊಸ ಜಾಗ. ಇದೇ ಕಾಪಿ-ಆನ್-ರೈಟ್. ಆದ್ರೆ ಟೆಸ್ಟಿಂಗ್ ಹುಡುಗರು ಆ ಕ್ಲೋನನ್ನು ತೆರೆಯೋಕೆ ಹೋದರೆ ‘ಪರ್ಮಿಷನ್ ಡಿನೈಡ್’. ಫೈಲಿನ ಜೊತೆ ಹಳೇ ಮಾಲೀಕನೂ ಬಂದಿರ್ತಾನೆ, ಹೆಸರಾಗಿ ಅಲ್ಲ, ಬರೀ ಒಂದು ನಂಬರಾಗಿ.

ಬದಲಿಸೋಕೆ ಚೌನ್ ಇದೆ. ಅದು ಡೇಟಾ ಮುಟ್ಟಲ್ಲ, ಐನೋಡಿನಲ್ಲಿರೋ ಆ ನಂಬರನ್ನಷ್ಟೇ ತಿದ್ದುತ್ತೆ. ಆದರೂ ಲಕ್ಷ ಫೈಲಿದ್ದರೆ ಲಕ್ಷ ಬಾಗಿಲು ತಟ್ಟಬೇಕು. (ಡಾಕರ್ ಬಳಸೋರು ಹುಷಾರು: ಓವರ್‌ಲೇಎಫ್‌ಎಸ್‌ನಲ್ಲಿ ಮೆಟಾಕಾಪಿ ಆನ್ ಇಲ್ಲದಿದ್ದರೆ ಇಡೀ ಫೈಲೇ ಮೇಲಿನ ಪದರಕ್ಕೆ ನಕಲಾಗುತ್ತೆ.) ಮೂಲ ಸ್ನ್ಯಾಪ್‌ಶಾಟ್ ಮಾತ್ರ ಅಲ್ಲಾಡಲ್ಲ. ಅದು ಓದೋಕಷ್ಟೇ, ಅದರೊಳಗೆ ಯಾವತ್ತೂ ಹಳೇ ಮಾಲೀಕನೇ.

ಅಪ್ಪನಿಗೆ ಇದನ್ನ ವಿವರಿಸಿದೆ. ‘ನಮ್ಮೂರ ಕಥೆನೂ ಹಂಗೇ ಅಲ್ವೇನಪ್ಪಾ’ ಅಂದರು. ಕೊಳ್ಳೇಗಾಲ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು, ಒಂದು ಕಾಲಕ್ಕೆ ದಿವಾನ್ ಪೂರ್ಣಯ್ಯನವರ ಜಹಗೀರು. ಆ ವರ್ಷ ನವೆಂಬರ್ 1ಕ್ಕೆ ಕೊಳ್ಳೇಗಾಲವೂ ಮೈಸೂರಿಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು, ಆಮೇಲೆ ಹನೂರು ಬೇರೆ ತಾಲ್ಲೂಕು. ಒಂದು ಗುಂಟೆ ನೆಲವೂ ಜರುಗಲಿಲ್ಲ.

2021ರಲ್ಲಿ ಲಿನಕ್ಸ್ 5.12 ಇನ್ನೊಂದು ದಾರಿ ಕೊಟ್ಟಿತು: ಐಡಿಮ್ಯಾಪ್ಡ್ ಮೌಂಟ್. ಡಿಸ್ಕಿನಲ್ಲಿ ಏನನ್ನೂ ತಿದ್ದೋದು ಬೇಡ, ಈ ಬಾಗಿಲಿಂದ ನೋಡೋರಿಗೆ ಮಾಲೀಕ ಬೇರೆ ಅಂತ ತೋರಿಸಿದರಾಯ್ತು. ಓಪನ್‌ಝಡ್‌ಎಫ್‌ಎಸ್‌ಗೆ ಇದು 2.2ರಲ್ಲಿ ಬಂತು. ನಂಗೆ ತುಂಬಾ ಇಷ್ಟವಾದ ಉಪಾಯ.

ಹನೂರಿನ ನಮ್ಮ ಹೊಲ ಇಷ್ಟು ವರ್ಷ ನಡೆದಿರೋದೂ ಹೀಗೇ. ಪಹಣಿಯಲ್ಲಿ ತೀರಿಕೊಂಡ ತಾತನ ಹೆಸರು, ಊರಿನ ಕಣ್ಣಿಗೆ ಮಾಲೀಕ ಚಿಕ್ಕಪ್ಪ. ಮುಸುಕಿನ ಜೋಳ ಬಿತ್ತೋಕೆ, ಮಾರೋಕೆ ಅಷ್ಟು ಸಾಕಿತ್ತು. ಈ ಸಲ ಬೆಳೆಸಾಲಕ್ಕೆ ಹೋದರು. ಬ್ಯಾಂಕಿನವರು ಡಿಸ್ಕನ್ನೇ ನೋಡಿದರು. ಅಲ್ಲಿ ತಾತ.

ಸರಿ, ಪೌತಿ ಖಾತೆ ಮಾಡಿಸಬೇಕು. ಅದಕ್ಕೆ ವಂಶವೃಕ್ಷ ಬೇಕು. ಚಿಕ್ಕಪ್ಪ ಬರೆಸಿದ ಪಟ್ಟಿಯಲ್ಲಿ ಇಬ್ಬರು ಗಂಡುಮಕ್ಕಳಿದ್ದಾರೆ, ಯಳಂದೂರಿಗೆ ಕೊಟ್ಟಿರೋ ಅತ್ತೆ ಇಲ್ಲ. ‘ಅವಳೇನೂ ಕೇಳಲ್ಲ ಬುಡು’ ಅಂತಾರೆ. ಕೇಳಲ್ಲ, ನಿಜ. ಕೇಳದಿದ್ದರೂ ಕಾನೂನಿನಲ್ಲಿ ಅವರ ಪಾಲು ಇದೆ. ಚೌನ್ ಒಂದು ಫೈಲಿಗೆ ಒಬ್ಬನೇ ಮಾಲೀಕ ಅನ್ನುತ್ತೆ. ಪಹಣಿಗೆ ಆ ಹಟ ಇಲ್ಲ, ಜಂಟಿ ಹೆಸರಿಗೂ ಜಾಗ ಇದೆ. ಅಪ್ಪ ಮೂರು ಹೆಸರಿನ ಅರ್ಜಿ ಬರೆದಿಟ್ಟಿದ್ದಾರೆ. ಚಿಕ್ಕಪ್ಪ ಇನ್ನೂ ಸಹಿ ಹಾಕಿಲ್ಲ.

ಭಾನುವಾರ ಅತ್ತೆಯನ್ನ ಕರ್ಕೊಂಡು ಹೊಲಕ್ಕೆ ಹೋಗ್ತಿದೀವಿ. ಅವರು ಅದನ್ನ ನೋಡಿ ಹನ್ನೊಂದು ವರ್ಷ ಆಯ್ತಂತೆ.