ಖಾಲಿ ತೋಟಾದ ಸಾಕ್ಷ್ಯ

ವಾರದ ಐದು ದಿನ ಕಡತಗಳ ನಡುವೆ ಕಳೆಯುವ ನನಗೆ ಭಾನುವಾರದ ರೈಫಲ್ ಕ್ಲಬ್ಬು ಒಂದು ಬಗೆಯ ಮೌನವ್ರತ. ಕಳೆದ ಮೇ ತಿಂಗಳಿನಲ್ಲಿ, ದೆಹಲಿಯ ಬಿಸಿಲು ಬೆಳಗಿನ ಹತ್ತಕ್ಕೇ ನೆತ್ತಿ ಸುಡುತ್ತಿದ್ದ ಒಂದು ದಿನ, ಆ ವ್ರತ ಭಂಗವಾಯಿತು. ಕ್ಲಬ್ಬಿನ ಹಳೆಯ ಥರ್ಟಿ-ಆಟ್-ಸಿಕ್ಸ್ ರೈಫಲ್ಲಿನಿಂದ ಏಳನೆಯ ಗುಂಡು ಹಾರಿಸಿದೆ. ಬೋಲ್ಟಿನ ಹಿಡಿ ಮೇಲೇಳಲಿಲ್ಲ. ಅಂಗೈಯಿಂದ ಗುದ್ದಿದೆ. ಕದಲಲಿಲ್ಲ. ಮತ್ತೆ ಕೈಯೆತ್ತಿದಾಗ ಹಿಂದಿನಿಂದ ಸುಬೇದಾರರ ದನಿ: "ನಿಲ್ಲಿಸಿ. ಅದು ಏನೋ ಹೇಳ್ತಾ ಇದೆ, ಮೊದಲು ಕೇಳಿ."

ಅವರು ಕೊಡಗಿನವರು, ಸೇನೆಯಲ್ಲಿ ಬಂದೂಕುಗಳ ದುರಸ್ತಿಯಲ್ಲೇ ಆಯುಷ್ಯ ಸವೆಸಿದವರು. ನಳಿಕೆಯನ್ನು ಗುರಿಯ ಕಡೆಗೇ ಇರಿಸಿ, ರೈಫಲ್ ತಣ್ಣಗಾಗುವವರೆಗೆ ಕಾದು, ಸಮನಾದ ಬಲದಿಂದ ಹಿಡಿಯನ್ನೆತ್ತಿ ಖಾಲಿ ಕೇಸನ್ನು ನನ್ನ ಅಂಗೈಗಿಟ್ಟರು. ಪ್ರೈಮರಿನ ದುಂಡನೆಯ ಅಂಚು ಚಪ್ಪಟೆಯಾಗಿತ್ತು. ಕೇಸಿನ ತಳದಲ್ಲಿ ಇಜೆಕ್ಟರ್ ರಂಧ್ರದ ಅಚ್ಚು ಹೊಳೆಯುತ್ತಿತ್ತು.

ಗುಂಡು ಹಾರುವಾಗ ಹಿತ್ತಾಳೆಯ ಕೇಸು ಉಬ್ಬಿ, ಚೇಂಬರಿನ ಗೋಡೆಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಡಿಲಗೊಳ್ಳುತ್ತದೆ. ಈ ತೋಟಾಕ್ಕೆ ಅಮೆರಿಕದ ತಯಾರಕರು ನಿಗದಿಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡ್. ಅದು ಮಿತಿ ಮೀರಿದಾಗ ಉಕ್ಕಿನ ಚೇಂಬರೂ ಅರೆಕ್ಷಣ ಹಿಗ್ಗಿ, ಮರಳಿ ಕುಗ್ಗುವಾಗ ಹಿತ್ತಾಳೆಯನ್ನು ಬಿಗಿಹಿಡಿಯುತ್ತದೆ. ಆದರೆ ಪ್ರೈಮರಿನ ಲೋಹ ಮೆದುವಾಗಿದ್ದರೂ ಅದು ಚಪ್ಪಟೆಯಾದೀತು. ಚೇಂಬರು ಕೊಳೆಯಾಗಿದ್ದರೂ ಕೇಸು ಸಿಕ್ಕಿಕೊಂಡೀತು. "ಒಂದು ಗುರುತು ನಿಲ್ಲಿಸೋದಕ್ಕೆ ಸಾಕು, ತೀರ್ಪು ಕೊಡೋದಕ್ಕೆ ಸಾಲದು" ಎಂದರು ಸುಬೇದಾರರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಚೇಂಬರಿಗೆ ಏನಾದರೂ ಹಚ್ಚಿದ್ದೀರಾ?"

ಹಚ್ಚಿದ್ದೆ. ಮೂರು ಭಾನುವಾರಗಳಿಂದ ಕೇಸುಗಳು ಬಿಗಿಯಾಗಿ ಹೊರಬರುತ್ತಿದ್ದವು. ಎಣ್ಣೆಯ ಬಟ್ಟೆಯಿಂದ ಚೇಂಬರನ್ನು ಒರೆಸಿದೆ. ತೊಂದರೆ ಮಾಯವಾಯಿತು, ಅಥವಾ ಮರೆಯಾಯಿತು. ಎಣ್ಣೆ ಸವರಿದ ಗೋಡೆಯ ಮೇಲೆ ಕೇಸಿಗೆ ಹಿಡಿತ ಸಿಗುವುದಿಲ್ಲ; ಅದು ತಾಳಿಕೊಳ್ಳಬೇಕಾದ ತಳ್ಳುವಿಕೆಯೂ ಬೋಲ್ಟಿನ ಮೇಲೆಯೇ ಬೀಳುತ್ತದೆ. ಸಾಲದ್ದಕ್ಕೆ, ಗಾಳಿ ತಗ್ಗಲೆಂದು ಕಾಯುತ್ತ ಏಳನೆಯ ತೋಟಾವನ್ನು ಕಾದ ಚೇಂಬರಿನಲ್ಲೇ ಬಿಟ್ಟಿದ್ದೆ. ಬಿಸಿಯಾದ ಮದ್ದು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಎಣ್ಣೆಯನ್ನು ಒರೆಸಿ ತೆಗೆದು ಒಳಗೆ ಬೆಳಕು ಹಾಯಿಸಿದಾಗ ಮೂಲ ಕಾರಣ ಕಂಡಿತು: ಕೇಸಿನ ಕೊರಳು ಕೂರುವ ಕಡೆ ಮಸಿ ಉಂಗುರದಂತೆ ಗಟ್ಟಿಕಟ್ಟಿತ್ತು. ಗುಂಡನ್ನು ಬಿಡಲು ಕೊರಳು ಹಿಗ್ಗಬೇಕು, ಹಿಗ್ಗಲು ಜಾಗವಿರಲಿಲ್ಲ.

ಇಂಥದೇ ಪ್ರಸಂಗವೊಂದು 1921ರಲ್ಲಿ ಓಹಾಯೋದ ಕ್ಯಾಂಪ್ ಪೆರಿಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಡೆದದ್ದನ್ನು ಜೂಲಿಯನ್ ಹ್ಯಾಚರ್ 1947ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ತೋಟಾ ಇದೇ ಥರ್ಟಿ-ಆಟ್-ಸಿಕ್ಸ್. ನಳಿಕೆಯಲ್ಲಿ ಲೋಹ ಮೆತ್ತಿಕೊಳ್ಳಬಾರದೆಂದು ಫ್ರಾಂಕ್‌ಫರ್ಡ್ ಶಸ್ತ್ರಾಗಾರವು ಗುಂಡುಗಳಿಗೆ ತವರ ಲೇಪಿಸಿತ್ತು. ಆ ತವರ ಕೇಸಿನ ಕೊರಳಿಗೆ ಬೆಸೆದುಕೊಂಡಿತು. ಸ್ಪರ್ಧಿಗಳು ಅದೇ ಉದ್ದೇಶದಿಂದ, ಹಳೆಯ ರೂಢಿಯಂತೆ ಗ್ರೀಸ್ ಹಚ್ಚಿದರು. ಕೊರಳು ಹಿಗ್ಗಬೇಕಾದ ಜಾಗವನ್ನು ಗ್ರೀಸ್ ತುಂಬಿತು. ರೈಫಲ್ಲುಗಳು ಒಡೆದವು. ಎರಡೂ ಕಡೆಯವರದು ಸದುದ್ದೇಶವೇ.

ನನ್ನದು ಅಷ್ಟೂ ಅಲ್ಲ. ಪ್ರತಿ ರೈಫಲ್ಲಿಗೂ ಒಂದು ರಿಜಿಸ್ಟರ್ ಇದೆ. ಬಿಗಿತದ ವಿಷಯವನ್ನು ಅದರಲ್ಲಿ ಬರೆದಿದ್ದರೆ ಸ್ಪರ್ಧೆಗೆ ಮುಂಚೆ ರೈಫಲ್ಲನ್ನು ಹಿಂದಕ್ಕೆ ಪಡೆಯುತ್ತಿದ್ದರು. ಆದ್ದರಿಂದ ಮೂರು ವಾರವೂ 'ಸರಿಯಿದೆ' ಎಂದು ಸಹಿ ಹಾಕಿದ್ದೆ. ಅದೇ ರೈಫಲ್ಲಿಗೆ ಕೆನ್ನೆಯಾನಿಸಿ ಕಾಲೇಜಿನ ಹುಡುಗಿಯೊಬ್ಬಳೂ ಅಭ್ಯಾಸ ಮಾಡುತ್ತಿದ್ದಳು. ಅಂದು ನನ್ನ ನಂತರದ ಸರದಿ ಅವಳದು.

ಆ ಮಧ್ಯಾಹ್ನ ರಿಜಿಸ್ಟರ್ ತೆರೆದು, ಮೂರು ಭಾನುವಾರಗಳ ದಿನಾಂಕಗಳನ್ನೂ ಎಣ್ಣೆಯ ವಿಷಯವನ್ನೂ ಬರೆದೆ. ಸ್ಪರ್ಧೆ ತಪ್ಪಿತು. ಆ ಕೇಸು ಈಗ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದೆ. ಯಾವುದಾದರೂ ಕಡತದ ಮೇಲೆ 'ಸರಿಯಿದೆ' ಎಂದು ಬರೆಯುವ ಮೊದಲು ಕಣ್ಣು ಒಮ್ಮೆ ಅತ್ತ ಹೋಗುತ್ತದೆ.