ಜೋಡಿ ಕಾರ್ಡೋ ಒಂಟಿ ಕಾರ್ಡೋ

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇರುವುದು ನಿಮಗೆಲ್ಲ ಗೊತ್ತೇ ಇದೆ. ಭಾನುವಾರ ಬಂದು ಕಾರಿನ ಆಟ ಆಡಿ ಹೋಗುವವರು ನಮ್ಮ ತರಗತಿಯಲ್ಲೇ ಆರು ಜನ ಇದ್ದೀರಿ. ಅದನ್ನು ನನ್ನ ಅಣ್ಣ ಅಂಗಡಿಯಿಂದ ಇಡಿಯಾಗಿ ತಂದದ್ದಲ್ಲ. ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಾ, ಯಾರ್ಯಾರೋ ಬಳಸಿ ಬಿಟ್ಟ ಹಳೇ ಭಾಗಗಳನ್ನು ಒಂದೊಂದಾಗಿ ಕೊಂಡು ಜೋಡಿಸಿದ್ದು. ದಸರಾ ರಜದಲ್ಲಿ ಅದರ ಗ್ರಾಫಿಕ್ಸ್ ಕಾರ್ಡಿನ ವಿಷಯವಾಗಿ ನಮ್ಮ ಮನೆಯಲ್ಲಿ ಹತ್ತು ದಿನ ಚರ್ಚೆ ನಡೆಯಿತು. ನಮ್ಮ ಅಜ್ಜಿಯ ಕನ್ನಡಕವೂ ಅದರೊಳಗೆ ಸೇರಿಕೊಂಡಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಗ್ರಾಫಿಕ್ಸ್ ಕಾರ್ಡ್ ಅಂದರೆ ಏನು ಅಂತ ಮೊದಲು ಹೇಳಬೇಕು. ಆಟದಲ್ಲಿ ಕಾಣುವ ರಸ್ತೆ, ಮರ, ಬೆಟ್ಟ, ಬಿಸಿಲು ಎಲ್ಲವನ್ನೂ ಲೆಕ್ಕ ಹಾಕಿ, ಚಿತ್ರ ಮಾಡಿ ಪರದೆಗೆ ಕಳಿಸುವ ಭಾಗ ಅದು. ಸೆಕೆಂಡಿಗೆ 60 ಚಿತ್ರ ಕಳಿಸಿದರೆ ಆಟ ನೀರು ಹರಿದ ಹಾಗೆ ಓಡುತ್ತದೆ. 20 ಕಳಿಸಿದರೆ ಕುಂಟುತ್ತದೆ. ನಮ್ಮಲ್ಲಿದ್ದ ಕಾರ್ಡಿನ ಹೆಸರು ಜಿಟಿಎಕ್ಸ್ 960. ಎನ್‌ವಿಡಿಯಾ ಕಂಪನಿಯವರು 2015ರ ಜನವರಿಯಲ್ಲಿ ಬಿಟ್ಟದ್ದು. ನಮ್ಮದು 2 ಜಿಬಿ ಮೆಮೊರಿ ಇರುವಂಥದ್ದು. ಅಣ್ಣ ಆಡಬೇಕು ಅಂತಿದ್ದ ಆಟ ಫೋರ್ಜಾ ಹೊರೈಜನ್ 5. ಅದು 2021ರ ನವೆಂಬರಿನಲ್ಲಿ ಬಂತು. ಮೆಕ್ಸಿಕೋ ದೇಶದ ರಸ್ತೆಗಳಲ್ಲಿ ಕಾರು ಓಡಿಸುವ ಆಟ. ಆಟ ಮಾಡಿದವರು ಕನಿಷ್ಠ 4 ಜಿಬಿ ಮೆಮೊರಿಯ ಕಾರ್ಡು ಬೇಕು ಅಂತ ಹೇಳಿದ್ದಾರೆ. ನಮ್ಮದರಲ್ಲಿ ಅರ್ಧ ಮಾತ್ರ ಇತ್ತು.

ಅಣ್ಣನ ಕೈಯಲ್ಲಿ 8,000 ರೂಪಾಯಿ ಇತ್ತು. ಇದು ಅಪ್ಪ ಕೊಟ್ಟ ದುಡ್ಡಲ್ಲ. ಹೋದ ಬೇಸಿಗೆಯಲ್ಲಿ ಮತ್ತು ಈ ದಸರಾದಲ್ಲಿ ಬೇರೆಯವರ ತೋಟಗಳಲ್ಲಿ ಕಾಯಿ ಸುಲಿದು ಸಂಪಾದಿಸಿದ್ದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ದಿನವಿಡೀ ಕಾಯಿ ಕುಟ್ಟಿ ಸುಲಿದರೆ ಕೈ ಏನಾಗುತ್ತದೆ ಅಂತ ನಮ್ಮ ತಿಪಟೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಅವನ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಒಡೆದು ಊಟ ಮಾಡೋಕೂ ಕಷ್ಟ ಆಗಿತ್ತು. ಅದಕ್ಕೇ ಆ ದುಡ್ಡು ಹಾಳಾಗಬಾರದು ಅಂತ ನನಗೂ ಇತ್ತು.

ತುಮಕೂರಿನಲ್ಲಿ ಅಣ್ಣನ ಗೆಳೆಯನೊಬ್ಬ ಇದ್ದಾನೆ. ಅವನ ಕಂಪ್ಯೂಟರಿನಲ್ಲಿ ನಮ್ಮಂಥದ್ದೇ 960 ಕಾರ್ಡು ಎರಡು ಇವೆ. ಅವನು ಫೋನ್ ಮಾಡಿ, “ಒಂದನ್ನ 3,000ಕ್ಕೆ ಕೊಡ್ತೀನಿ, ನಿನ್ನದರ ಜೊತೆ ಹಾಕ್ಕೋ, ಎರಡು ಕಾರ್ಡಿನ ಶಕ್ತಿ ಬರ್ತದೆ” ಅಂದ. ಅಣ್ಣನಿಗೆ ಭಾರೀ ಖುಷಿ. 8,000ದಲ್ಲಿ 3,000 ಹೋದರೆ ಇನ್ನೂ 5,000 ಉಳಿಯುತ್ತೆ, ಅದರಲ್ಲಿ ಅಜ್ಜಿಗೆ ಕನ್ನಡಕ ಮಾಡಿಸ್ತೀನಿ ಅಂತ ಎಲ್ಲರ ಮುಂದೆ ಹೇಳಿಬಿಟ್ಟ. ಅಜ್ಜಿಗೆ ಅಕ್ಕಿಯಲ್ಲಿ ಕಲ್ಲು ಕಾಣಿಸದೆ ಒಂದು ವರ್ಷ ಆಗಿತ್ತು.

ಅಜ್ಜನಿಗೆ ಈ ಮಾತು ಬಹಳ ಹಿಡಿಸಿತು. “ಜೋಡಿನೇ ಸರಿ ಕಣ್ಲಾ ಮಗ. ಒಂಟಿ ಎತ್ತಲ್ಲಿ ಯಾರಾದ್ರೂ ಆರು ಕಟ್ತಾರಾ? ಆದ್ರೆ ಎರಡೂ ಒಂದೇ ವಯಸ್ಸು, ಒಂದೇ ಎತ್ತರ ಇರ್ಬೇಕು” ಅಂದರು. ಈ ಮಾತು ಕಾರ್ಡಿಗೂ ನಿಜ. 960ರ ಜೊತೆಗೆ 960 ಅನ್ನೇ ಹಾಕಬೇಕು, ಬೇರೆ ನಡೆಯದು. ಅಮ್ಮ ಮಾತ್ರ ರೊಟ್ಟಿ ತಟ್ಟುತ್ತಾ, “ಜೋಡಿ ಅಷ್ಟು ಚೆನ್ನಾಗಿದ್ರೆ ಅವನ್ಯಾಕೋ ಒಂದು ಮಾರ್ತಾನೆ?” ಅಂದರು. ಅಣ್ಣ ಉತ್ತರ ಕೊಡಲಿಲ್ಲ. ಮಾರನೇ ದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ರೈಲಿನಲ್ಲಿ ತುಮಕೂರಿಗೆ ಹೊರಟ.

ದಾರಿಯಲ್ಲಿ ಅವನು ಜೋಡಿ ಕಾರ್ಡಿನ ಚರಿತ್ರೆ ಹೇಳಿದ. ಇದು ಹೊಸ ಉಪಾಯ ಅಲ್ಲವಂತೆ. 1998ರಲ್ಲಿ ತ್ರೀಡಿಎಫ್‌ಎಕ್ಸ್ ಅನ್ನುವ ಅಮೆರಿಕದ ಕಂಪನಿ ವೂಡೂ 2 ಅನ್ನುವ ಕಾರ್ಡು ಮಾಡಿತು. ಅವನ್ನು ಎರಡು ಹಾಕಿದರೆ ಪರದೆಯ ಒಂದು ಗೆರೆಯನ್ನು ಒಂದು ಕಾರ್ಡು, ಮುಂದಿನ ಗೆರೆಯನ್ನು ಇನ್ನೊಂದು ಕಾರ್ಡು ಬಿಡಿಸುತ್ತಿತ್ತು. ಇಬ್ಬರು ಹುಡುಗಿಯರು ಒಂದೇ ರಂಗೋಲಿಗೆ ಸಾಲು ಬಿಟ್ಟು ಸಾಲು ಬಣ್ಣ ತುಂಬಿದ ಹಾಗೆ. ಆ ಕಂಪನಿ ಮುಳುಗಿತು, ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಂಡುಕೊಂಡಿತು. 2004ರಲ್ಲಿ ಎನ್‌ವಿಡಿಯಾ ಅದೇ ಎಸ್‌ಎಲ್‌ಐ ಅನ್ನುವ ಹೆಸರಿನಲ್ಲಿ ಜೋಡಿ ಕಾರ್ಡನ್ನು ಮತ್ತೆ ತಂದಿತು. ಮಾರನೇ ವರ್ಷ ಎಟಿಐ ಕಂಪನಿಯವರೂ ಕ್ರಾಸ್‌ಫೈರ್ ಅಂತ ಮಾಡಿದರು. ಆಮೇಲಿನ ಕ್ರಮದಲ್ಲಿ ಹೆಚ್ಚಾಗಿ ಗೆರೆ ಹಂಚುವುದಿಲ್ಲ, ಇಡೀ ಚಿತ್ರವನ್ನೇ ಹಂಚುತ್ತಾರೆ. 1, 3, 5ನೇ ಚಿತ್ರ ಒಂದು ಕಾರ್ಡಿಗೆ, 2, 4, 6ನೇ ಚಿತ್ರ ಇನ್ನೊಂದಕ್ಕೆ. ಕೇಳೋಕೆ ನನಗೂ ಸರಿ ಅಂತಲೇ ಅನ್ನಿಸಿತು.

ಗೆಳೆಯನ ಮನೆಯಲ್ಲಿ ಅವನು ಮೊದಲು 2011ರ ಡರ್ಟ್ 3 ಅನ್ನುವ ಕಾರಿನ ಆಟ ಹಾಕಿದ. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಅಂತ ಅಂಕಿ ಬರುತ್ತಿತ್ತು. ಒಂದೇ ಕಾರ್ಡಿನಲ್ಲಿ 100ರ ಆಚೀಚೆ. ಎರಡೂ ಹಾಕಿದಾಗ 170ರ ಹತ್ತಿರ ಹೋಯಿತು. ಅಣ್ಣ “ನೋಡಿದ್ಯಾ!” ಅಂತ ನನ್ನ ಭುಜ ತಟ್ಟಿದ. ಆದರೆ ಆಟದಲ್ಲಿ ನನಗೆ ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಹೇಳಿದೆ. ಗೆಳೆಯ ನಕ್ಕು, “ಕಾಣಲ್ಲ ಕಣಮ್ಮ, ಈ ಪರದೆ ಸೆಕೆಂಡಿಗೆ 60 ಸಲ ಮಾತ್ರ ಬದಲಾಗೋದು” ಅಂದ. ಹಾಗಾದರೆ 100 ಬಂದರೂ ಅಷ್ಟೇ, 170 ಬಂದರೂ ಅಷ್ಟೇ.

ಆಮೇಲೆ 2015ರ ದಿ ವಿಚರ್ 3 ಹಾಕಿದರು. ಅದು ದೊಡ್ಡವರ ಆಟ ಅಂತ ನನಗೆ ಕುದುರೆ ಓಡಿಸೋಕೆ ಮಾತ್ರ ಬಿಟ್ಟರು. ಅಂಕಿ 50ರ ಮೇಲೇ ತೋರಿಸುತ್ತಿತ್ತು, ಆದರೆ ತಿರುಗಿದಾಗೆಲ್ಲ ಕಣ್ಣಿಗೆ ಏನೋ ತಡೆದ ಹಾಗೆ, ಸಣ್ಣಗೆ ಜಗ್ಗಿದ ಹಾಗೆ. ಇದಕ್ಕೆ ಕಾರಣ ಹೀಗೆ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದು ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡ್ ಅಂತರ. ಎರಡು ಕಾರ್ಡು ಸರದಿಯಲ್ಲಿ ಕಳಿಸುವಾಗ ಅಂತರ ಒಂದೇ ಸಮ ಇರುವುದಿಲ್ಲ. 10 ಆಗಬಹುದು, ಮುಂದಿನದು 23, ಮತ್ತೆ 10, ಮತ್ತೆ 23. ಸರಾಸರಿ ತೆಗೆದರೆ ಲೆಕ್ಕ ಸರಿ. ನಮ್ಮೂರಿಗೆ ಗಂಟೆಗೆ ಎರಡು ಬಸ್ಸು ಇವೆ ಅಂತ ಬೋರ್ಡಿನಲ್ಲಿ ಬರೆದಿರುತ್ತದೆ, ಎರಡೂ ಒಂದರ ಹಿಂದೆ ಒಂದು ಬಂದು ಹೋಗಿಬಿಡುತ್ತವೆ, ಆಮೇಲೆ ಐವತ್ತೈದು ನಿಮಿಷ ನಾವು ಅರಳಿ ಕಟ್ಟೆಯ ಮೇಲೆ ಕೂತಿರಬೇಕು. ಗಂಟೆಗೆ ಎರಡು ಬಸ್ಸು ಅನ್ನೋದೇನೂ ಸುಳ್ಳಲ್ಲ.

ಕೊನೆಗೆ ಫೋರ್ಜಾ ಹಾಕಿದರು. ಅಣ್ಣನಿಗೆ ಬೇಕಾದದ್ದು ಅದೇ ತಾನೇ. ಒಂದು ಕಾರ್ಡು ಬಿಸಿಯಾಗಿ ಗೊರಗೊರ ಅನ್ನುತ್ತಿತ್ತು. ಇನ್ನೊಂದರ ಕೆಲಸ ಎಷ್ಟು ಅಂತ ನೋಡಿದರೆ ಸೊನ್ನೆ! ಹಳೇ ಆಟಗಳಿಗೆ ಕಾರ್ಡಿನ ಕಂಪನಿಯವರೇ ಕೆಲಸ ಹಂಚುವ ವ್ಯವಸ್ಥೆ ಮಾಡಿಕೊಡುತ್ತಿದ್ದರು. ಫೋರ್ಜಾ 5 ಇರುವುದು ಡೈರೆಕ್ಟ್‌ಎಕ್ಸ್ 12 ಅನ್ನುವ ಹೊಸ ಕ್ರಮದಲ್ಲಿ. ಅದರಲ್ಲಿ ಆಟ ಬರೆದವರೇ ಎರಡು ಕಾರ್ಡಿಗೆ ಕೆಲಸ ಹಂಚಬೇಕು, ಬಹಳ ಜನ ಹಂಚುವುದಿಲ್ಲ. ರಸ್ತೆ ಪಕ್ಕದ ಮರಗಳು ಕಾರು ಹತ್ತಿರ ಹೋದ ಮೇಲೆ ಮೂಡುತ್ತಿದ್ದವು. ಮೆಮೊರಿ ಸಾಲದು ಅನ್ನುವ ಎಚ್ಚರಿಕೆಯೂ ಬಂತು.

“ಎರಡು ಕಾರ್ಡಿಂದ 4 ಜಿಬಿ ಆಗಲ್ವಾ?” ಅಂತ ನಾನು ಕೇಳಿದೆ. ಆಗುವುದಿಲ್ಲ. ಇಬ್ಬರೂ ಅದೇ ಆಟದ ಚಿತ್ರ ಬಿಡಿಸಬೇಕಾದ್ದರಿಂದ ಎರಡು ಕಾರ್ಡಿನಲ್ಲೂ ಅದೇ ಸಾಮಾನು ಇರಬೇಕು. ನನ್ನ ಹತ್ತಿರ ಒಂದು ಸಮಾಜ ಪುಸ್ತಕ ಇದೆ, ಪಕ್ಕದವಳ ಹತ್ತಿರವೂ ಒಂದು ಇದೆ. ಎರಡನ್ನೂ ಸೇರಿಸಿಟ್ಟರೆ ಪಾಠ ಹೆಚ್ಚಾಗುತ್ತದೆಯೇ?

ಇಲ್ಲಿಗೆ ನನಗೆ ವಿಷಯ ಅರ್ಥವಾಯಿತು. ಜೋಡಿ ಕಾರ್ಡು ಕೆಲಸ ಮಾಡುವುದು ಹಳೇ ಆಟಗಳಲ್ಲಿ, ಅವುಗಳಲ್ಲಿ ಬಹಳಷ್ಟಕ್ಕೆ ನಮ್ಮ ಒಂದೇ ಕಾರ್ಡು ಸಾಕು. ಹೆಚ್ಚು ಶಕ್ತಿ ಬೇಕಾದ ಹೊಸ ಆಟಗಳಿಗೆ ಎರಡನೇ ಕಾರ್ಡು ಇದೆ ಅಂತಲೇ ಗೊತ್ತಾಗುವುದಿಲ್ಲ. ಎತ್ತಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ನೊಗ ಹೂಡುವವರೇ ಇಲ್ಲ. ಎನ್‌ವಿಡಿಯಾದವರು 2021ರ ಜನವರಿ 1ರಿಂದ ಹಳೇ ಕಾರ್ಡುಗಳ ಜೋಡಿಗೆ ಹೊಸ ಆಟಗಳ ವ್ಯವಸ್ಥೆ ಮಾಡಿಕೊಡುವುದನ್ನೇ ನಿಲ್ಲಿಸಿದರು. 2022ರ ಆರ್‌ಟಿಎಕ್ಸ್ 4090 ಅಷ್ಟು ದೊಡ್ಡ ಕಾರ್ಡು, ಅದರಲ್ಲೂ ಎರಡನ್ನು ಜೋಡಿಸುವ ಕೊಂಡಿ ಇಲ್ಲ.

ರಾತ್ರಿ ಮನೆಗೆ ಬಂದು ನನ್ನ ಗಣಿತದ ರಫ್ ಪುಸ್ತಕದಲ್ಲಿ ಲೆಕ್ಕ ಹಾಕಿದೆವು. ಎರಡನೇ ಕಾರ್ಡು 3,000. ನಮ್ಮ ಮದರ್‌ಬೋರ್ಡ್ ಎಚ್81 ಜಾತಿಯದು, ಅದು ಎಸ್‌ಎಲ್‌ಐಗೆ ಒಪ್ಪುವುದಿಲ್ಲ. ಒಪ್ಪುವ ಹಳೇ ಬೋರ್ಡಿಗೆ 4,500 ಅಂತೆ. ಒಂದು 960ಕ್ಕೆ 120 ವ್ಯಾಟ್ ಕರೆಂಟು ಬೇಕು, ಎರಡಕ್ಕೆ 240. ನಮ್ಮ ಎಸ್‌ಎಂಪಿಎಸ್ 450 ವ್ಯಾಟಿನದು, ಅದೂ ಹಳೇದು, ಅದನ್ನು ನಂಬಿ ಎರಡು ಹಾಕೋಕಾಗಲ್ಲ ಅಂತ ಅಣ್ಣ ಅಂದ. ಬೇರೆ ತಂದರೆ 4,000. ಒಟ್ಟು 11,500. ಮೂರು ಸಾವಿರದ ಕಾರ್ಡು ಹನ್ನೊಂದೂವರೆ ಸಾವಿರ ಆಯಿತು! ಅಜ್ಜಿಯ ಕನ್ನಡಕ ಎಲ್ಲಿ ಹೋಯಿತೋ.

ಇನ್ನೊಂದು ದಾರಿ, 960 ಅನ್ನು ಮಾರಿ, ಸ್ವಲ್ಪ ಹೊಸದಾದ ಒಂದೇ ಕಾರ್ಡು ತರುವುದು. ಅಣ್ಣ ಹುಡುಕಿದ್ದು ಜಿಟಿಎಕ್ಸ್ 1660 ಸೂಪರ್. 2019ರ ಅಕ್ಟೋಬರಿನದು. ಮೆಮೊರಿ 6 ಜಿಬಿ, ಕರೆಂಟು 125 ವ್ಯಾಟ್. ಅಂದರೆ ನಮ್ಮ ಹಳೇ ಕಾರ್ಡಿಗಿಂತ ಐದೇ ವ್ಯಾಟ್ ಜಾಸ್ತಿ, 450ರ ಎಸ್‌ಎಂಪಿಎಸ್ ಸಾಕು ಅಂತ ಕಂಪನಿಯವರೇ ಹೇಳುತ್ತಾರೆ. ಒಂದು ವಿಚಿತ್ರ ನೋಡಿ. ಒಳಗೆ ಲೆಕ್ಕ ಮಾಡುವ ಸಣ್ಣ ಸಣ್ಣ ಭಾಗಗಳು 960ರಲ್ಲಿ 1,024 ಇವೆ, ಎರಡು ಸೇರಿದರೆ 2,048. 1660 ಸೂಪರ್‌ನಲ್ಲಿ 1,408 ಮಾತ್ರ. ಎಣಿಸಿದರೆ ಹಳೇ ಜೋಡಿಯೇ ಗೆದ್ದಿತು. ಆದರೆ ಮೆಮೊರಿಯಿಂದ ಸೆಕೆಂಡಿಗೆ 336 ಜಿಬಿ ಸಾಗಿಸುವುದು ಹೊಸದು, 112 ಸಾಗಿಸುವುದು ಹಳೇದು. ಅಲ್ಲಿ ಸರಿಯಾಗಿ ಮೂರು ಪಟ್ಟು. ಅದೂ ಅಲ್ಲದೆ 960ರ ಕಾಲದ ಕಾರ್ಡುಗಳಿಗೆ ಹೊಸ ಆಟಗಳಿಗೆ ಬೇಕಾದ ಡ್ರೈವರ್ ಕೊಡುವುದು 2025ರ ಅಕ್ಟೋಬರಿಗೆ ಮುಗಿಯಿತು. 1660ಕ್ಕೆ ಆ ತೊಂದರೆ ಬಂದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಕಾರ್ಡು ಒಂದು 7,500ಕ್ಕೆ ಸಿಕ್ಕಿತು. ಈ ಕಾರ್ಡುಗಳನ್ನು 2021ರ ಸುಮಾರಿಗೆ ಕ್ರಿಪ್ಟೋ ದುಡ್ಡು ಗಳಿಸೋಕೆ ಹಗಲೂ ರಾತ್ರಿ ಓಡಿಸಿದವರು ಬಹಳ ಜನ. ಆದ್ದರಿಂದ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ, ಫ್ಯಾನು ತಿರುಗುತ್ತದೆಯೇ, ಪರದೆಯಲ್ಲಿ ಚುಕ್ಕೆ ಬರುತ್ತದೆಯೇ ನೋಡಿ ದುಡ್ಡು ಕೊಟ್ಟನಂತೆ. ಕೊಳ್ಳುವವರು ಇದನ್ನು ನೆನಪಿಡಿ. ನಮ್ಮ 960 ಕಾರ್ಡು 2,500ಕ್ಕೆ ಹೋಯಿತು. 8,000ಕ್ಕೆ 2,500 ಸೇರಿಸಿ 7,500 ಕಳೆದರೆ 3,000. ಅದರಲ್ಲಿ ಅಜ್ಜಿಗೆ ಕನ್ನಡಕ ಬಂತು, 1,800 ರೂಪಾಯಿ. ಅಜ್ಜಿ ಹಾಕಿಕೊಂಡು ಮೊದಲು ನೋಡಿದ್ದು ಅಣ್ಣನ ಅಂಗೈ. “ಇದೇನ್ಲಾ ಮಗ ಹಿಂಗಾಗೈತೆ” ಅಂದು ಕೊಬ್ಬರಿ ಎಣ್ಣೆ ತರೋಕೆ ಎದ್ದರು. ಅಜ್ಜ ಮಾತ್ರ ಇನ್ನೂ ಒಪ್ಪಿಲ್ಲ. ಜೋಡಿ ತಂದಿದ್ದರೆ ಒಂದು ಕೆಟ್ಟರೂ ಇನ್ನೊಂದು ಇರುತ್ತಿತ್ತು ಅನ್ನುತ್ತಾರೆ. ಅದು ಸ್ವಲ್ಪ ನಿಜವೇ.

ಭಾನುವಾರ ಬರುವವರಿಗೆ ಒಂದು ಮಾತು. ಕಾರ್ಡು ಬಂದಿದೆ, ಫೋರ್ಜಾ ಇನ್ನೂ ಬಂದಿಲ್ಲ. ಆ ಆಟಕ್ಕೆ 110 ಜಿಬಿ ಜಾಗ ಬೇಕು, ಅಪ್ಪನ ಫೋನಿನಲ್ಲಿ ದಿನಕ್ಕೆ 2 ಜಿಬಿ ಬರುತ್ತದೆ. ಪೂರ್ತಿ ಅದಕ್ಕೇ ಬಿಟ್ಟರೂ 55 ದಿನ. ಅಣ್ಣ ಹಾಸ್ಟೆಲಿನಲ್ಲಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಸಂಕ್ರಾಂತಿಗೆ ತರುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಹಳೇ ಆಟವೇ, ಒಬ್ಬೊಬ್ಬರಿಗೆ ಎರಡು ಸುತ್ತು.

7ನೇ ತರಗತಿ