ಮರವನ್ನಪ್ಪಿದ ಊರು

ಶಿರಸಿಗೆ ಬರುವ ಯಾತ್ರಿಕರು ಸಾಮಾನ್ಯವಾಗಿ ಮಾರಿಕಾಂಬೆಯ ದರ್ಶನ ಮಾಡಿ, ಶಾಲ್ಮಲೆಯ ಹರಿವಿನಲ್ಲಿ ಬಂಡೆಬಂಡೆಗೂ ಕಡೆದಿರುವ ಸಹಸ್ರಲಿಂಗಗಳನ್ನು ನೋಡಿ, ಬಿಡುವಿದ್ದರೆ ಬನವಾಸಿಯ ಮಧುಕೇಶ್ವರನಿಗೆ ಕೈಮುಗಿದು ಹಿಂದಿರುಗುವರು. ಹತ್ತನೆಯ ಶತಮಾನದ ಪಂಪಕವಿಯು ನೆನೆದು ಹಂಬಲಿಸಿದ ಸೀಮೆ ಇದು. ಆದರೆ ಇದೇ ತಾಲೂಕಿನ ಸಾಲ್ಕಣಿಯ ಕಡೆಗೆ ಹೊರಳುವ ಯಾತ್ರಿಕರು ವಿರಳ. ಅಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳಿದರೆ, ಮರಗಳಿವೆ ಎಂದಷ್ಟೇ ಉತ್ತರ ಹೇಳಬೇಕು. ಆ ಮರಗಳು ಉಳಿದ ಬಗೆಯಲ್ಲಿ ಒಂದು ಕಥೆಯಿದೆ. ಶಿಲಾಶಾಸನಗಳ ನಾಡಿನಲ್ಲಿ ಕಲ್ಲಿನ ಮೇಲೆ ಬರೆಯದ ಈ ಕಥೆಯೂ ಓದಲು ಯೋಗ್ಯವಾದುದೇ.

ಶಿರಸಿಯನ್ನು ಬಿಟ್ಟ ದಾರಿಯು ಏರುತ್ತ ಇಳಿಯುತ್ತ ಸಾಗುವಾಗ ನೆಲದ ವಿನ್ಯಾಸವು ಮೆಲ್ಲಗೆ ಅರ್ಥವಾಗತೊಡಗುತ್ತದೆ. ಕಣಿವೆಯ ತಳದಲ್ಲಿ ಅಡಕೆಯ ತೋಟ. ಅಡಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರ ನೆಳಲಿನಲ್ಲಿ ಬಾಳೆ, ಏಲಕ್ಕಿ. ತೋಟದ ತಲೆಯ ಮೇಲೆ ಹಂಚಿನ ಮನೆ, ಅದರಾಚೆಗೆ ಮರಗಳಿಂದ ಮುಚ್ಚಿದ ಇಳಿಜಾರು. ಈ ಇಳಿಜಾರನ್ನು ಇಲ್ಲಿಯವರು 'ಬೆಟ್ಟ'ವೆಂದು ಕರೆಯುತ್ತಾರೆ. ಬಯಲುಸೀಮೆಯವನಿಗೆ ಬೆಟ್ಟವೆಂದರೆ ಎತ್ತರವಾದ ಗುಡ್ಡ. ಇಲ್ಲಿ ಬೆಟ್ಟವೆಂದರೆ ಸೊಪ್ಪು ಕೊಡುವ ಕಾಡು. ಈ ಜಿಲ್ಲೆಯು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿಯೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆತಿತ್ತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಯ ಗೊಬ್ಬರವು ತೋಟಕ್ಕೆ ಇಳಿಯುತ್ತದೆ. ಕಾಡು ಹೀರಿಕೊಂಡ ಮಳೆಯು ಬೇಸಗೆಯಲ್ಲಿ ಒರತೆಯಾಗಿ ಅದೇ ತೋಟದ ಕಾಲುವೆಯಲ್ಲಿ ಹರಿಯುತ್ತದೆ. ಬಿದಿರು, ಬೆತ್ತ, ಜೇನು, ಸೌದೆ, ಔಷಧಿಯ ಬೇರು ಎಲ್ಲವೂ ಅಲ್ಲಿಂದಲೇ. ಹೀಗಿರಲು ಇಲ್ಲಿಯ ಒಕ್ಕಲಿಗೆ ಕಾಡೆಂಬುದು ಮನೆಯ ಹಿತ್ತಿಲಿದ್ದಂತೆ.

ಸ್ವಾತಂತ್ರ್ಯ ಬಂದ ಮೇಲೆ ಈ ಹಿತ್ತಿಲಿಗೆ ಬೇರೆ ಬೇರೆ ದಿಕ್ಕಿನಿಂದ ಬೇಡಿಕೆ ಬಂದಿತು. ಕಾಗದಕ್ಕೆ ಬಿದಿರು ಬೇಕಾಯಿತು. ಪ್ಲೈವುಡ್ಡಿಗೆ ದಪ್ಪ ಮರ ಬೇಕಾಯಿತು. ಅಣೆಕಟ್ಟುಗಳಿಗೆ ಕಣಿವೆಗಳೇ ಬೇಕಾದುವು. ನೂರು ಬಗೆಯ ಮರಗಳಿದ್ದ ಸಹಜವಾದ ಕಾಡನ್ನು ತೆಗೆದು ಸಾಲುಸಾಲಾಗಿ ತೇಗವನ್ನು ನೆಟ್ಟರು. 1950ರಲ್ಲಿ ಉತ್ತರ ಕನ್ನಡ ಜಿಲ್ಲೆಯ ನೆಲದಲ್ಲಿ ನೂರಕ್ಕೆ 81 ಪಾಲು ಕಾಡಿತ್ತು, 1980ರ ವೇಳೆಗೆ ಅದು 25ಕ್ಕೆ ಇಳಿಯಿತು ಎಂಬುದು ಚಳವಳಿಗಾರರು ಮುಂದಿಟ್ಟ ಲೆಕ್ಕ. ಲೆಕ್ಕವನ್ನು ಯಾರು ಹೇಗೆ ಹಾಕಿದರೂ, ಒರತೆಗಳು ಬೇಗ ಬತ್ತುತ್ತಿದ್ದುದನ್ನು ನೀರು ತರುವ ಹೆಣ್ಣುಮಕ್ಕಳು ಲೆಕ್ಕವಿಲ್ಲದೆಯೇ ಕಂಡಿದ್ದರು.

ಆದರೆ ಕಂಡದ್ದನ್ನು ಕೇಳುವವರು ಯಾರು? ಕಾಡು ಸರ್ಕಾರದ್ದು, ಯೋಜನೆ ತಜ್ಞರದು, ನಷ್ಟ ಮಾತ್ರ ಊರಿನದು ಎಂದು ನಿಟ್ಟುಸಿರಿಟ್ಟು ಸುಮ್ಮನಿರುವುದು ಸುಲಭವಾಗಿತ್ತು. ಈ ಸೀಮೆಯವರು ಸುಮ್ಮನಿರಲಿಲ್ಲ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಡಕೆ ಬೆಳೆಗಾರರು ಬರಿದೆ ಕೂಗಾಡದೆ, ಲೆಕ್ಕ ಕೇಳಿದರು. 1981ರ ಜನವರಿಯಲ್ಲಿ ತೋಟಗಾರರ ಸಹಕಾರಿ ಸಂಘವು ಶಿರಸಿಯಲ್ಲಿಯೇ ವಿಚಾರಗೋಷ್ಠಿಯನ್ನು ನಡೆಯಿಸಿ, ವಿಜ್ಞಾನಿಗಳನ್ನು ಬರಮಾಡಿಕೊಂಡು, ಮುಳುಗುವ ಕಾಡಿನ ಬೆಲೆಯನ್ನೂ ಬರುವ ವಿದ್ಯುತ್ತಿನ ಬೆಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿಸಿತು. ಆ ಯೋಜನೆ ಆಗ ಹಿಂದೆ ಸರಿಯಿತು. ಅಡಕೆ ಮಾರುವುದಕ್ಕೆಂದು ಕಟ್ಟಿಕೊಂಡ ಸಂಘವೊಂದು ಹೊಳೆಯ ಪರವಾಗಿ ಮಾತನಾಡಬಲ್ಲದು ಎಂಬುದನ್ನು ಜನರು ಕಂಡುಕೊಂಡರು.

ಸಾಲ್ಕಣಿಯ ಸುತ್ತಣ ಹಳ್ಳಿಗಳಲ್ಲಿ ಯುವಕ ಮಂಡಲಿಗಳಿದ್ದುವು. ಮರ ಕಡಿಯುವುದನ್ನು ನಿಲ್ಲಿಸಿರೆಂದು ಊರವರು ಅರಣ್ಯ ಇಲಾಖೆಗೆ ಅರ್ಜಿ ಬರೆದರು. ಅರ್ಜಿಗೆ ಫಲ ಕಾಣಲಿಲ್ಲ. ಅಷ್ಟರಲ್ಲಿ ದೂರದ ಹಿಮಾಲಯದ ಸುದ್ದಿ ಇಲ್ಲಿಗೂ ಮುಟ್ಟಿತ್ತು. ಗಢವಾಲದ ಮಂಡಲ ಗ್ರಾಮದಲ್ಲಿ 1973ರಲ್ಲಿ ಮೊದಲಾದ 'ಚಿಪ್ಕೊ', 1974ರ ಮಾರ್ಚ್ 26ರಂದು ರೇಣಿಯಲ್ಲಿ ಗೌರಾದೇವಿ ಮತ್ತು ಸಂಗಡಿಗರು ಮರಗಳಿಗೆ ಅಡ್ಡ ನಿಂತುದರಿಂದ ದೇಶಕ್ಕೆಲ್ಲ ಹೆಸರಾಯಿತು. ಸುಂದರಲಾಲ ಬಹುಗುಣರು ಈ ಕಡೆಗೂ ಬಂದು ಜನರೊಡನೆ ಮಾತನಾಡಿದರು. ಪಾಂಡುರಂಗ ಹೆಗಡೆಯವರು ಊರೂರು ತಿರುಗಿ ಸಂಘಟಿಸಿದರು. ಹಿಂದಿಯ ಮಾತು ಘಟ್ಟವನ್ನೇರಿ ಬಂದು ಕನ್ನಡದ 'ಅಪ್ಪಿಕೊ' ಆಯಿತು. ತಾಯಿ ಮಗುವನ್ನು ಅಪ್ಪುವ, ಗೆಳೆಯನನ್ನು ಗೆಳೆಯನು ಅಪ್ಪುವ ಹಳೆಯ ಮಾತು ಅದು; ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

1983ರ ಸೆಪ್ಟೆಂಬರ್ 8. ಭಾದ್ರಪದ ಆಗಷ್ಟೇ ಕಾಲಿಟ್ಟಿತ್ತು. ಅದು ಘಟ್ಟದ ಮಳೆ ಪೂರ್ತಿಯಾಗಿ ಹಿಂದೆಗೆಯದ, ಕಾಡಿನ ಹಾದಿಯಲ್ಲಿ ಉಂಬಳಗಳು ಕಾಲಿಗೆ ಹತ್ತುವ ಕಾಲ. ಸಾಲ್ಕಣಿ ಮತ್ತು ನೆರೆಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳು ಸುಮಾರು ಐದು ಮೈಲಿ ನಡೆದು ಕಳಾಸೆಯ ಕಾಡನ್ನು ಹೊಕ್ಕು, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. ಕೊಡಲಿ ಹಿಡಿದಿದ್ದವರೂ ಕೂಲಿಗಾಗಿ ಬಂದ ಬಡವರೇ. ಅವರ ಮೇಲೆ ಯಾರಿಗೂ ಹಗೆಯಿರಲಿಲ್ಲ. ಕಲ್ಲು ಎಸೆಯುವವನನ್ನು ಎದುರಿಸಬಹುದು, ಬೈಯುವವನಿಗೆ ಮಾರುತ್ತರ ಕೊಡಬಹುದು. ಮರವನ್ನು ತಬ್ಬಿ ನಿಂತ ಮುದುಕಿಯನ್ನು ಏನು ಮಾಡುವುದು? ಕಡಿತ ನಿಂತಿತು.

ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುವರು. ಆದರೆ ಕಳಾಸೆಯ ಮರಗಳನ್ನು ಉಳಿಸಿದ್ದು ಆ ಒಂದು ಬೆಳಗಲ್ಲ. ಊರವರು ಅಂದು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದ್ದರೆ ಮರುದಿನವೇ ಕೊಡಲಿಗಳು ಮರಳುತ್ತಿದ್ದುವು. ಹೋರಾಟ 38 ದಿನ ನಡೆಯಿತು. ಆ ದಿನಗಳ ನಡುವೆ ಚೌತಿ ಬಂದು ಹೋಯಿತು, ನವರಾತ್ರಿಯೂ ಬಂದಿತು. ಕೊಟ್ಟಿಗೆಯ ಹಸುವು ಚಳವಳಿಯೆಂದು ಹಾಲು ಕರೆಯುವ ಹೊತ್ತನ್ನು ಮುಂದೂಡುವುದಿಲ್ಲ. ತೋಟದ ಕೆಲಸ ಕಾಯುವುದಿಲ್ಲ. ಮಕ್ಕಳ ಹಸಿವು ತಡೆಯುವುದಿಲ್ಲ. ಇವೆಲ್ಲವನ್ನೂ ಮಾಡಿಕೊಂಡು ಕಾಡನ್ನೂ ಕಾಯುವುದೆಂದರೇನೆಂಬುದನ್ನು ಒಕ್ಕಲು ಮನೆಯ ಹೆಂಗಸರೇ ಬಲ್ಲರು. ಕಡೆಗೆ ಸರ್ಕಾರವು ಆ ಕಾಡಿನ ಕಡಿತದ ಆಜ್ಞೆಯನ್ನು ಹಿಂದೆಗೆದುಕೊಂಡಿತು.

ಈ ಮಧ್ಯೆ ಜನರು ಮುಂದಿಟ್ಟ ವಾದವೂ ಗಮನಾರ್ಹವಾದುದು. ನಿಯಮದಂತೆ ಎಣಿಸಿದ ಕೆಲವೇ ಮರಗಳನ್ನು ಕಡಿಯುವುದೆಂದು ಕಾಗದ ಹೇಳುತ್ತಿತ್ತು. ಆದರೆ ಹೆಮ್ಮರವೊಂದು ಉರುಳುವಾಗ ಸುತ್ತಣ ಎಳೆಯ ಮರಗಳನ್ನೂ ಮುರಿದುಕೊಂಡೇ ಬೀಳುತ್ತದೆ. ದಿಮ್ಮಿಯನ್ನು ಎಳೆದೊಯ್ದ ಜಾಡಿನಲ್ಲಿ ಮೇಲ್ಮಣ್ಣು ಸಡಿಲಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಕಾಗದದ ಮೇಲಿನ ಎಣಿಕೆಯನ್ನು ನೆಲದ ಮೇಲಿನ ಎಣಿಕೆಯೊಡನೆ ಹೋಲಿಸಿ ನೋಡಲು ಯಾವ ಪದವಿಯೂ ಬೇಕಾಗಿರಲಿಲ್ಲ. ಅಲ್ಲಿಗೆ ನಡೆದು ಹೋಗುವ ಕಾಲುಗಳು ಬೇಕಾಗಿದ್ದುವು.

ಚಳವಳಿ ನೆರೆಯ ಕಾಡುಗಳಿಗೂ ನೆರೆಯ ತಾಲೂಕಿಗೂ ಹಬ್ಬಿತು. ಪಾದಯಾತ್ರೆ, ಬೀದಿನಾಟಕ, ಜಾನಪದ ಕುಣಿತಗಳು ಅದರ ಪ್ರಚಾರಕರಾದುವು. 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತುಗಳು ಅದರ ಮಂತ್ರವಾದುವು. ಮೂರರಲ್ಲಿ ಮೊದಲನೆಯದನ್ನು ಸರ್ಕಾರಕ್ಕೆ ಹೇಳಬಹುದು. ಉಳಿದೆರಡನ್ನು ತಮಗೆ ತಾವೇ ಹೇಳಿಕೊಳ್ಳಬೇಕು. ಬೆಟ್ಟವನ್ನು ಬೋಳಿಸಿದ ಪಾಪದಲ್ಲಿ ಹಳ್ಳಿಯವರಿಗೂ ಪಾಲಿತ್ತು. ಲೆಕ್ಕವಿಲ್ಲದೆ ಸೊಪ್ಪು ಸವರಿದವರು, ಬಚ್ಚಲೊಲೆಗೆ ಹಗಲಿರುಳು ಸೌದೆ ಒಟ್ಟಿದವರು ಹೊರಗಿನವರಲ್ಲ. ಆದುದರಿಂದ ಸಸಿಗಳನ್ನು ಬೆಳೆಯಿಸುವ ಕೆಲಸವೂ, ಸೌದೆ ಉಳಿಸುವ ಒಲೆ ಮತ್ತು ಗೋಬರ್ ಗ್ಯಾಸಿನ ಪ್ರಚಾರವೂ ಚಳವಳಿಯ ಅಂಗವಾದುವು. ಪತ್ರಿಕೆಯವರು ಚಿತ್ರ ತೆಗೆಯಲು ಬರುವಂಥ ಕೆಲಸವಲ್ಲ ಅದು. ಆದರೂ ಇಲಾಖೆಯನ್ನು ಪ್ರಶ್ನಿಸಿದವರು ತಮ್ಮ ಒಲೆಯನ್ನೂ ಪ್ರಶ್ನಿಸಿಕೊಂಡುದರಿಂದ ಅವರ ಮಾತಿಗೆ ತೂಕ ಬಂದಿತು.

ಈ ಹೋರಾಟದಿಂದ ಕಾಡಿನ ಕಷ್ಟಗಳೆಲ್ಲ ತೀರಿದುವೆಂದರೆ ಅದು ಸುಳ್ಳಾದೀತು. ಆದರೆ 1990ರ ಹೊತ್ತಿಗೆ ಕರ್ನಾಟಕ ಸರ್ಕಾರವು ಪಶ್ಚಿಮ ಘಟ್ಟದ ಸಹಜಾರಣ್ಯಗಳಲ್ಲಿ ಹಸಿಮರ ಕಡಿಯುವುದನ್ನು ನಿಲ್ಲಿಸಿತು. ಆ ನಿರ್ಧಾರಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಒಂದು ಐದು ಮೈಲಿಗಳ ಒಂದು ನಡಿಗೆ.

ಊರಿನ ಕೆರೆಯ ಏರಿ ಬಿರುಕುಬಿಟ್ಟಾಗ, ಶಾಲೆಯ ಮಾಡು ಸೋರುವಾಗ, ಪಂಚಾಯತಿಯ ಲೆಕ್ಕ ಹೊಂದದಿರುವಾಗ ಅದನ್ನು ಮೊದಲು ಕಾಣುವವರು ಅಲ್ಲಿ ದಿನವೂ ಓಡಾಡುವವರೇ. ರಾಜಧಾನಿಯಲ್ಲಿ ಕುಳಿತ ಎಂಥ ಸಮರ್ಥನಿಗೂ ಅದು ಕಾಣದು. ಕಂಡವರು ಒಂದು ಅರ್ಜಿ ಬರೆದು, ಒಂದು ಸಭೆಗೆ ಹೋಗಿ, ಉತ್ತರ ಬಾರದಿದ್ದರೆ ಮತ್ತೊಮ್ಮೆ ಹೋಗುವುದಕ್ಕೆ ಬೇಸರಪಟ್ಟರೆ, ಐದು ವರ್ಷಕ್ಕೊಮ್ಮೆ ಹಾಕುವ ಮತವೊಂದೇ ಆ ಬಿರುಕನ್ನು ಮುಚ್ಚಲಾರದು.

ಸಂಜೆ ಹೊತ್ತಿಗೆ ಸಾಲ್ಕಣಿಯ ಕಡೆಯಿಂದ ಹಿಂದಿರುಗುವ ಯಾತ್ರಿಕನಿಗೆ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬೆಟ್ಟದಿಂದಿಳಿದು ಬರುವ ಹೆಂಗಸರು ಎದುರಾಗಬಹುದು. ಅವರಲ್ಲಿ ಕೂದಲು ನರೆತ ಯಾರಾದರೂ ಅಂದು ಮಗುವಾಗಿಯೋ ಹೊಸ ಸೊಸೆಯಾಗಿಯೋ ಆ ಕಾಡಿಗೆ ನಡೆದಿದ್ದವರಿರಬಹುದು. ನೋಡಿದರೆ ಹಾಗೇನೂ ತೋರುವುದಿಲ್ಲ. ದಾರಿ ಬಿಟ್ಟು ನಿಂತ ಯಾತ್ರಿಕನನ್ನು ಒಮ್ಮೆ ನೋಡಿ, ಅವರು ಕೊಟ್ಟಿಗೆಯ ಕಡೆಗೆ ಬೇಗಬೇಗನೆ ಹೆಜ್ಜೆ ಹಾಕುವರು; ಹಾಲು ಕರೆಯುವ ಹೊತ್ತಾಗಿರುತ್ತದೆ.